ಲ್ಯಾಪ್‌ಟಾಪ್‌ನ ವೈಫೈ, ಬ್ಲೂಟೂತ್ ನಿಜಕ್ಕೂ ಆಫ್ ಆಗಿದೆಯಾ? ಬೀಗ ಜಗ್ಗಿ ನೋಡುವ ಹಾಗೆ ಇದನ್ನೂ ಒಮ್ಮೆ ನೋಡಿ

ರಾತ್ರಿ ಶಟರ್ ಎಳೆದು ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡದೆ ಮನೆಗೆ ಹೋಗುವ ವ್ಯಾಪಾರಿ ಸಿಗುವುದು ಕಷ್ಟ. ಕೀಲಿ ತಿರುಗಿಸಿದ್ದು ಗೊತ್ತಿರುತ್ತದೆ, 'ಟಕ್' ಎಂದ ಶಬ್ದವೂ ಕೇಳಿರುತ್ತದೆ. ಆದರೂ ಕೈ ತಾನಾಗಿಯೇ ಬೀಗ ಜಗ್ಗುತ್ತದೆ. ಅದೇ ಅಂಗಡಿಯ ಬಿಲ್ಲಿಂಗ್ ಲ್ಯಾಪ್‌ಟಾಪ್ ವಿಷಯಕ್ಕೆ ಬಂದರೆ ಮಾತ್ರ ಈ ಎಚ್ಚರ ಇರುವುದಿಲ್ಲ. ಪರದೆಯ ಮೂಲೆಯಲ್ಲಿ ವೈಫೈ ಗುರುತು ಹೋದರೆ ಸಾಕು, 'ಆಫ್ ಆಯ್ತು' ಅಂತ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿಬಿಡುತ್ತಾರೆ.

ಆ ಲ್ಯಾಪ್‌ಟಾಪ್‌ನಲ್ಲಿ ಏನೇನಿದೆ ಎಂದು ಒಮ್ಮೆ ಲೆಕ್ಕ ಹಾಕಿದರೆ ವಿಷಯದ ತೂಕ ಗೊತ್ತಾಗುತ್ತದೆ. ಗ್ರಾಹಕರ ಫೋನ್ ನಂಬರ್, ಉದ್ರಿ ಲೆಕ್ಕ, ಸಪ್ಲೈಯರ್ ಬಿಲ್, ಬ್ರೌಸರ್‌ನಲ್ಲಿ ಸೇವ್ ಆಗಿರುವ ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್, ಕೆಲವರದ್ದರಲ್ಲಿ ನೆಟ್ ಬ್ಯಾಂಕಿಂಗ್ ಕೂಡ. ಗಲ್ಲಾಪೆಟ್ಟಿಗೆಯಲ್ಲಿ ಒಂದು ದಿನದ ವ್ಯಾಪಾರ ಇದ್ದರೆ ಲ್ಯಾಪ್‌ಟಾಪ್‌ನಲ್ಲಿ ಹಲವು ವರ್ಷದ ವ್ಯಾಪಾರ ಇರುತ್ತದೆ.

ಆಫ್ ಬಟನ್ ಒತ್ತುವುದು ಬೇರೆ, ಆಫ್ ಆಗಿದೆ ಎಂದು ಖಚಿತ ಮಾಡಿಕೊಳ್ಳುವುದು ಬೇರೆ. ಈ ವ್ಯತ್ಯಾಸ ಏನು, ಖಚಿತ ಮಾಡಿಕೊಳ್ಳುವುದು ಹೇಗೆ ಎಂಬುದರ ವಿವರ ಇಲ್ಲಿದೆ.

ಯಾರಿಗೆ, ಯಾವಾಗ ಬೇಕು?

ಎಲ್ಲರೂ ದಿನವಿಡೀ ವೈಫೈ ಆಫ್ ಮಾಡಿ ಕೂರಬೇಕಾಗಿಲ್ಲ. ಆದರೆ ಕೆಲವು ಸಂದರ್ಭಗಳಲ್ಲಿ ಇದು ನಿಜಕ್ಕೂ ಬೇಕಾಗುತ್ತದೆ.

ಲೆಕ್ಕಪತ್ರಕ್ಕೆಂದೇ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡವರು, ಅದಕ್ಕೆ ಇಂಟರ್ನೆಟ್ ಬೇಡವೇ ಬೇಡ ಎನ್ನುವವರು ಮೊದಲಿಗರು. ಎರಡನೆಯದು ಪ್ರಯಾಣ. ಬಸ್ ಸ್ಟ್ಯಾಂಡ್, ರೈಲು ನಿಲ್ದಾಣ, ಲಾಡ್ಜ್ ಇಲ್ಲೆಲ್ಲ ಲ್ಯಾಪ್‌ಟಾಪ್ ತೆರೆದಾಗ ಅದು ಯಾವ ನೆಟ್‌ವರ್ಕ್‌ಗೂ ತಾನಾಗಿ ಅಂಟಿಕೊಳ್ಳಬಾರದು. ಮೂರನೆಯದು ವೈರಸ್ ಬಂದಿದೆ ಎಂಬ ಅನುಮಾನ. ಅಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ ಕೆಲಸವೇ ಲ್ಯಾಪ್‌ಟಾಪ್ ಅನ್ನು ಎಲ್ಲ ನೆಟ್‌ವರ್ಕ್‌ನಿಂದ ಬೇರ್ಪಡಿಸುವುದು. ಇನ್ನು ವಿಮಾನದಲ್ಲಿ ಹೋಗುವವರಿಗೆ ಫ್ಲೈಟ್ ಮೋಡ್ ನಿಯಮವೇ ಇದೆ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಬಿಲ್ಲಿಂಗ್ ಓಡಿಸುವವರಿಗೆ ರೇಡಿಯೊ ಆಫ್ ಮಾಡಿದರೆ ಸ್ವಲ್ಪ ಬ್ಯಾಟರಿಯೂ ಉಳಿಯುತ್ತದೆ.

ಆಫ್ ಮಾಡದಿದ್ದರೆ ಏನಾಗುತ್ತದೆ?

ವೈಫೈ ಆನ್ ಇದ್ದು ಯಾವ ನೆಟ್‌ವರ್ಕ್‌ಗೂ ಸೇರದ ಲ್ಯಾಪ್‌ಟಾಪ್ ಸುಮ್ಮನಿರುವುದಿಲ್ಲ. ಸುತ್ತಮುತ್ತ ಯಾವ ನೆಟ್‌ವರ್ಕ್ ಇದೆ ಎಂದು ಆಗಾಗ ಸಂದೇಶ ಕಳಿಸಿ ಕೇಳುತ್ತಲೇ ಇರುತ್ತದೆ. ಹಿಂದೆ ಎಲ್ಲೋ ಪಾಸ್‌ವರ್ಡ್ ಇಲ್ಲದ ಉಚಿತ ವೈಫೈಗೆ ಸೇರಿ, 'ಕನೆಕ್ಟ್ ಆಟೊಮ್ಯಾಟಿಕಲಿ' ಎಂಬಲ್ಲಿ ಟಿಕ್ ಉಳಿದಿದ್ದರೆ, ಅದೇ ಹೆಸರಿನ ನೆಟ್‌ವರ್ಕ್ ಇನ್ನೊಂದು ಕಡೆ ಕಂಡಾಗಲೂ ತಾನಾಗಿ ಸೇರಿಕೊಳ್ಳಬಹುದು. ಆ ಹೆಸರನ್ನು ಯಾರು ಬೇಕಾದರೂ ತಮ್ಮ ಹಾಟ್‌ಸ್ಪಾಟ್‌ಗೆ ಇಡಬಹುದು. ಹೆಸರು ಅದೇ ಇದ್ದ ಮಾತ್ರಕ್ಕೆ ಮಾಲೀಕ ಅವರೇ ಆಗಬೇಕೆಂದಿಲ್ಲ.

ಬ್ಲೂಟೂತ್ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. 'ಪೇರ್ ಮಾಡಿಲ್ಲ ಅಂದ ಮೇಲೆ ಯಾರೂ ಒಳಗೆ ಬರಲ್ಲ' ಎಂದು ಬಹಳ ಜನ ಅಂದುಕೊಂಡಿದ್ದಾರೆ. 2017ರ ಸೆಪ್ಟೆಂಬರ್‌ನಲ್ಲಿ ಆರ್ಮಿಸ್ ಎಂಬ ಭದ್ರತಾ ಸಂಸ್ಥೆ 'ಬ್ಲೂಬೋರ್ನ್' ಎಂಬ ಹೆಸರಿನಲ್ಲಿ ಹಲವು ದೋಷಗಳನ್ನು ಬಹಿರಂಗಪಡಿಸಿತು. ಆಂಡ್ರಾಯ್ಡ್, ವಿಂಡೋಸ್, ಲಿನಕ್ಸ್ ಎಲ್ಲವೂ ಅದರ ವ್ಯಾಪ್ತಿಯಲ್ಲಿದ್ದವು. ಪೇರ್ ಮಾಡುವುದೂ ಬೇಡ, ಬೇರೆಯವರಿಗೆ ಕಾಣಿಸುವ ಸ್ಥಿತಿಯಲ್ಲಿ ಇರುವುದೂ ಬೇಡ, ಬ್ಲೂಟೂತ್ ಆನ್ ಇದ್ದರೆ ಸಾಕಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವೈಫೈನ ಡಬ್ಲ್ಯೂಪಿಎ2 ಭದ್ರತೆಯಲ್ಲೂ 'ಕ್ರ್ಯಾಕ್' ಎಂಬ ದೋಷ ಹೊರಬಂತು. ಎರಡಕ್ಕೂ ಕಂಪನಿಗಳು ಅಪ್‌ಡೇಟ್ ಕೊಟ್ಟಿವೆ. ಆದರೆ ವರ್ಷಗಟ್ಟಲೆ ಅಪ್‌ಡೇಟ್ ಕಾಣದ, ಹಳೇ ವಿಂಡೋಸ್ ಮೇಲೆ ಓಡುವ ಬಿಲ್ಲಿಂಗ್ ಲ್ಯಾಪ್‌ಟಾಪ್‌ಗೆ ಆ ಅಪ್‌ಡೇಟ್ ತಲುಪಿರುತ್ತದೆ ಎಂಬ ಗ್ಯಾರಂಟಿ ಇಲ್ಲ.

ಕೆಲಸಕ್ಕೆ ಬೇಡದ ಬಾಗಿಲು ಮುಚ್ಚಿಟ್ಟರೆ, ಆ ಬಾಗಿಲಿನ ಚಿಲಕ ಗಟ್ಟಿ ಇದೆಯಾ ಎಂಬ ಚಿಂತೆಯೂ ಇರುವುದಿಲ್ಲ. ಲೆಕ್ಕ ಇಷ್ಟೇ.

ಒಳಗೆ ಎಷ್ಟು ರೇಡಿಯೊ ಇವೆ?

ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವ ಮಾತು ಹೀಗಿರುತ್ತದೆ. ಕಾಲೇಜಿಗೆ ಹೋಗುವ ಹುಡುಗ ಗಲ್ಲಾದ ಹತ್ತಿರ ಬಂದು, 'ಮಾವ, ನೀವು ವೈಫೈ ಮಾತ್ರ ಆಫ್ ಮಾಡಿದೀರ, ಬ್ಲೂಟೂತ್ ಹಾಗೇ ಇದೆ' ಅಂತಾನೆ. 'ಎರಡೂ ಒಂದೇ ಅಲ್ವೇನೋ?' ಎಂದು ಮಾವ ಕೇಳುತ್ತಾರೆ. 'ಕಾರ್ಡ್ ಒಂದೇ ಮಾವ, ಸ್ವಿಚ್ ಎರಡು.'

ಹುಡುಗ ಹೇಳಿದ್ದು ಸರಿ. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡೂ ಬೆರಳಷ್ಟು ಅಗಲದ ಒಂದೇ ಕಾರ್ಡ್‌ನಲ್ಲಿ ಇರುತ್ತವೆ. ಅದರಿಂದ ಹೊರಡುವ ಆಂಟೆನಾ ತಂತಿಗಳು ಸಾಮಾನ್ಯವಾಗಿ ಪರದೆಯ ಚೌಕಟ್ಟಿನ ಒಳಗೆ ಹೋಗಿರುತ್ತವೆ. ಆದರೆ ಕಂಪ್ಯೂಟರ್‌ನ ಲೆಕ್ಕದಲ್ಲಿ ಅವು ಎರಡು ಬೇರೆ ಬೇರೆ ಸಾಧನಗಳು. ಒಂದನ್ನು ಆಫ್ ಮಾಡಿದರೆ ಇನ್ನೊಂದು ಆಫ್ ಆಗುವುದಿಲ್ಲ.

ಇವೆರಡರ ಜೊತೆಗೆ ಇನ್ನೂ ಕೆಲವು ಇರಬಹುದು. ಕೆಲವು ಆಫೀಸ್ ಮಾದರಿಯ ಲ್ಯಾಪ್‌ಟಾಪ್‌ಗಳಲ್ಲಿ ಸಿಮ್ ಹಾಕುವ ಜಾಗ ಇರುತ್ತದೆ, ಅದು ಮೊಬೈಲ್ ಥರವೇ ನೆಟ್ ಹಿಡಿಯುತ್ತದೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೊಂಡ ಕಂಪನಿ ಲ್ಯಾಪ್‌ಟಾಪ್ ಆಗಿದ್ದರೆ ಇದನ್ನು ಮರೆಯದೆ ನೋಡಬೇಕು. ಯುಎಸ್‌ಬಿಗೆ ಚುಚ್ಚಿದ ಡಾಂಗಲ್, ಡೇಟಾ ಕಾರ್ಡ್ ಇದ್ದರೆ ಅವೂ ಪ್ರತ್ಯೇಕ ರೇಡಿಯೊಗಳೇ.

ಎಲ್ಲರ ಕಣ್ಣು ತಪ್ಪುವುದು ವೈರ್‌ಲೆಸ್ ಮೌಸ್. ಅದರ ಜೊತೆ ಬರುವ ಉಗುರಿನಷ್ಟು ಗಾತ್ರದ ಯುಎಸ್‌ಬಿ ರಿಸೀವರ್ ಕೂಡ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ರೇಡಿಯೊ. ಏರೋಪ್ಲೇನ್ ಮೋಡ್ ಹಾಕಿದರೂ ಅದು ಆಫ್ ಆಗುವುದಿಲ್ಲ, ಮೌಸ್ ಓಡಾಡುತ್ತಲೇ ಇರುತ್ತದೆ. 2016ರಲ್ಲಿ ಬ್ಯಾಸ್ಟಿಲ್ ಎಂಬ ಸಂಸ್ಥೆಯ ಸಂಶೋಧಕರು 'ಮೌಸ್‌ಜ್ಯಾಕ್' ಎಂಬ ದೋಷವನ್ನು ತೋರಿಸಿದ್ದು ಇಂಥ ರಿಸೀವರ್‌ಗಳಲ್ಲೇ. ದೂರದಲ್ಲಿ ಕೂತವರು ಕೀಬೋರ್ಡ್ ಒತ್ತಿದಂತೆ ಅಕ್ಷರಗಳನ್ನು ಕಳಿಸಲು ಸಾಧ್ಯವಿತ್ತು. ಇದಕ್ಕೆ ಸುಲಭ ಪರಿಹಾರ, ಬೇಡದಾಗ ರಿಸೀವರ್ ಕಿತ್ತು ಡ್ರಾಯರ್‌ನಲ್ಲಿ ಇಡುವುದು. ವೈರ್ ಇರುವ ಮೌಸ್ ಬಳಸಿದರೆ ಇನ್ನೂ ಒಳ್ಳೆಯದು.

'ಡಿಸ್‌ಕನೆಕ್ಟ್' ಅಂದರೆ ಆಫ್ ಅಲ್ಲ

ಬಹಳ ಜನ ವೈಫೈ ಹೆಸರಿನ ಮೇಲೆ ಕ್ಲಿಕ್ ಮಾಡಿ 'ಡಿಸ್‌ಕನೆಕ್ಟ್' ಒತ್ತುತ್ತಾರೆ. ಅದು ಫೋನ್ ಕರೆ ಕಟ್ ಮಾಡಿದಂತೆ. ಫೋನ್ ಸ್ವಿಚ್ ಆಫ್ ಆಗಿಲ್ಲ. ರೇಡಿಯೊ ಹಾಗೇ ಚಾಲೂ ಇರುತ್ತದೆ, ನೆಟ್‌ವರ್ಕ್ ಹುಡುಕುತ್ತಿರುತ್ತದೆ.

ಅದರ ಮೇಲಿನ ಹಂತ, ವೈಫೈ ಮತ್ತು ಬ್ಲೂಟೂತ್ ಬಟನ್‌ಗಳನ್ನು ಆಫ್ ಮಾಡುವುದು ಅಥವಾ ಏರೋಪ್ಲೇನ್ ಮೋಡ್ ಹಾಕುವುದು. ಇನ್ನೂ ಗಟ್ಟಿ ಹಂತ, ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಅನ್ನೇ ನಿಷ್ಕ್ರಿಯ ಮಾಡುವುದು. ಎಲ್ಲಕ್ಕಿಂತ ಗಟ್ಟಿಯಾದದ್ದು ಬಯೋಸ್‌ನಲ್ಲಿ ಆಫ್ ಮಾಡುವುದು. ಯಾರಿಗೆ ಎಷ್ಟು ಬೇಕೋ ಅಷ್ಟು ಮಾಡಿಕೊಂಡರೆ ಸಾಕು.

ಮೊದಲ ಬೀಗ: ಏರೋಪ್ಲೇನ್ ಮೋಡ್

ವಿಂಡೋಸ್ 10 ಅಥವಾ 11 ಇದ್ದರೆ ಕೀಬೋರ್ಡ್‌ನಲ್ಲಿ ವಿಂಡೋಸ್ ಕೀ ಹಿಡಿದುಕೊಂಡು 'ಎ' ಒತ್ತಿ. ಬಲಗಡೆ ತೆರೆಯುವ ಫಲಕದಲ್ಲಿ ವಿಮಾನದ ಚಿತ್ರ ಇರುವ ಬಟನ್ ಒತ್ತಿದರೆ ವೈಫೈ, ಬ್ಲೂಟೂತ್, ಸಿಮ್ ಇದ್ದರೆ ಅದೂ ಒಟ್ಟಿಗೆ ಆಫ್ ಆಗಬೇಕು.

'ಆಗಬೇಕು' ಎಂದದ್ದಕ್ಕೆ ಕಾರಣ ಇದೆ. ಈಗ ಎಷ್ಟೋ ವಿಮಾನಗಳಲ್ಲೇ ವೈಫೈ ಸೌಲಭ್ಯ ಇರುವುದರಿಂದ, ಏರೋಪ್ಲೇನ್ ಮೋಡ್ ಹಾಕಿಯೂ ವೈಫೈ ಅಥವಾ ಬ್ಲೂಟೂತ್ ಮತ್ತೆ ಆನ್ ಮಾಡಿಕೊಳ್ಳಲು ವಿಂಡೋಸ್ ಅವಕಾಶ ಕೊಟ್ಟಿದೆ. ವಿಂಡೋಸ್ 11ರಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಏರೋಪ್ಲೇನ್ ಮೋಡ್‌ನಲ್ಲಿದ್ದಾಗ ಒಮ್ಮೆ ಬ್ಲೂಟೂತ್ ಆನ್ ಮಾಡಿಕೊಂಡಿದ್ದರೆ, ಲ್ಯಾಪ್‌ಟಾಪ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಏರೋಪ್ಲೇನ್ ಮೋಡ್ ಹಾಕಿದಾಗಲೂ ಬ್ಲೂಟೂತ್ ಆನ್ ಇಡಬಹುದು. ವಿಮಾನದ ಗುರುತು ಬಂದಿದೆ ಎಂದು ನಂಬಿ ಬಿಡುವಂತಿಲ್ಲ. ಅದರ ಪಕ್ಕದ ವೈಫೈ, ಬ್ಲೂಟೂತ್ ಬಟನ್‌ಗಳ ಬಣ್ಣವೂ ಹೋಗಿದೆಯಾ ಎಂದು ನೋಡಿ.

ವಿಂಡೋಸ್ 10 ಬಳಸುವವರು ಇನ್ನೊಂದು ಕಡೆ ಎಚ್ಚರ ವಹಿಸಬೇಕು. ವೈಫೈ ಮಾತ್ರ ಆಫ್ ಮಾಡಿದಾಗ, 'ಮತ್ತೆ ಯಾವಾಗ ಆನ್ ಮಾಡಲಿ' ಎಂದು ಅದು ಕೇಳುತ್ತದೆ. ಒಂದು ಗಂಟೆ, ನಾಲ್ಕು ಗಂಟೆ, ಒಂದು ದಿನ ಎಂಬ ಆಯ್ಕೆಗಳಿರುತ್ತವೆ. ಅಲ್ಲಿ 'ಮ್ಯಾನ್ಯುವಲಿ' ಎಂಬುದೇ ಇರಬೇಕು. ಇಲ್ಲದಿದ್ದರೆ ನೀವು ಮರೆತರೂ ಅದು ಮರೆಯುವುದಿಲ್ಲ, ಹೇಳಿದ ಹೊತ್ತಿಗೆ ವೈಫೈ ಆನ್ ಆಗುತ್ತದೆ.

ಕೀಬೋರ್ಡ್‌ನ ಮೇಲಿನ ಸಾಲಿನಲ್ಲಿ ವಿಮಾನ ಅಥವಾ ಆಂಟೆನಾ ಚಿತ್ರದ ಕೀ ಇದ್ದರೆ ಅದೂ ಇದೇ ಕೆಲಸ ಮಾಡುತ್ತದೆ. ಹಳೆಯ ಕೆಲವು ಮಾದರಿಗಳಲ್ಲಿ ಬದಿಯಲ್ಲೇ ಸರಿಸುವ ಸ್ವಿಚ್ ಇರುತ್ತಿತ್ತು. ಆ ಕೀ ಮೇಲಿನ ಪುಟ್ಟ ದೀಪವನ್ನು ನಂಬುವಾಗ ಜೋಪಾನ. ಕೆಲವು ಲ್ಯಾಪ್‌ಟಾಪ್‌ನಲ್ಲಿ ದೀಪ ಉರಿದರೆ ವೈಫೈ ಆನ್ ಎಂದರ್ಥ, ಕೆಲವದರಲ್ಲಿ ಏರೋಪ್ಲೇನ್ ಮೋಡ್ ಆನ್ ಎಂದರ್ಥ, ಅಂದರೆ ಪೂರ್ತಿ ಉಲ್ಟಾ. ಇನ್ನು ಕೆಲವದರಲ್ಲಿ ದೀಪದ ಬಣ್ಣ ಬದಲಾಗುತ್ತದೆ.

ಮ್ಯಾಕ್‌ಬುಕ್ ಬಳಸುವವರಿಗೆ ಏರೋಪ್ಲೇನ್ ಮೋಡ್ ಬಟನ್ ಇಲ್ಲ. ಮೇಲ್ಗಡೆ ಬಲಮೂಲೆಯ ಕಂಟ್ರೋಲ್ ಸೆಂಟರ್‌ನಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡನ್ನೂ ಬೇರೆ ಬೇರೆಯಾಗಿಯೇ ಆಫ್ ಮಾಡಬೇಕು. ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ 'ಆರ್‌ಎಫ್‌ಕಿಲ್' ಆಜ್ಞೆ ಕೊಟ್ಟರೆ ಒಳಗಿರುವ ರೇಡಿಯೊಗಳ ಪಟ್ಟಿಯೇ ಬರುತ್ತದೆ. ಯಾವುದು ಸಾಫ್ಟ್‌ವೇರ್‌ನಿಂದ ಬಂದ್ ಆಗಿದೆ, ಯಾವುದು ಹಾರ್ಡ್‌ವೇರ್ ಸ್ವಿಚ್‌ನಿಂದ ಬಂದ್ ಆಗಿದೆ ಎಂಬುದನ್ನು ಅದು ಬೇರೆ ಬೇರೆಯಾಗಿ ತೋರಿಸುತ್ತದೆ.

ಎರಡನೇ ಬೀಗ: ಡಿವೈಸ್ ಮ್ಯಾನೇಜರ್

ತಿಂಗಳುಗಟ್ಟಲೆ ವೈರ್‌ಲೆಸ್ ಬೇಡ ಎನ್ನುವವರಿಗೆ ಇದು ಸೂಕ್ತ. ವಿಂಡೋಸ್ ಕೀ ಹಿಡಿದು 'ಎಕ್ಸ್' ಒತ್ತಿ, ಬರುವ ಪಟ್ಟಿಯಲ್ಲಿ 'ಡಿವೈಸ್ ಮ್ಯಾನೇಜರ್' ಆರಿಸಿ. ಇದಕ್ಕೆ ಅಡ್ಮಿನ್ ಅಧಿಕಾರ ಇರುವ ಲಾಗಿನ್ ಬೇಕು.

ಅಲ್ಲಿ 'ನೆಟ್‌ವರ್ಕ್ ಅಡಾಪ್ಟರ್ಸ್' ಎಂಬುದನ್ನು ತೆರೆದರೆ ಹಲವು ಹೆಸರು ಕಾಣುತ್ತವೆ. ಅದರಲ್ಲಿ 'ವೈಫೈ', 'ವೈರ್‌ಲೆಸ್' ಅಥವಾ '802.11' ಎಂದು ಬರೆದಿರುವುದೇ ವೈಫೈ ಕಾರ್ಡ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸೇಬಲ್ ಡಿವೈಸ್' ಕೊಡಿ. ಆಮೇಲೆ 'ಬ್ಲೂಟೂತ್' ಎಂಬ ಪ್ರತ್ಯೇಕ ಸಾಲು ತೆರೆದು ಅಲ್ಲಿರುವ ಬ್ಲೂಟೂತ್ ಅಡಾಪ್ಟರ್‌ಗೂ ಹಾಗೇ ಮಾಡಿ. ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್, ಕ್ವಾಲ್‌ಕಾಮ್ ಈ ನಾಲ್ಕರಲ್ಲಿ ಒಂದು ಹೆಸರು ಸಾಮಾನ್ಯವಾಗಿ ಇರುತ್ತದೆ. ಆಫ್ ಆದ ಸಾಧನದ ಚಿತ್ರದ ಮೇಲೆ ಕೆಳಮುಖವಾದ ಸಣ್ಣ ಬಾಣದ ಗುರುತು ಬರುತ್ತದೆ. ರೀಸ್ಟಾರ್ಟ್ ಮಾಡಿದರೂ ಅದು ಹಾಗೇ ಉಳಿಯಬೇಕು.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, 'ಡಿಸೇಬಲ್' ಬದಲು 'ಅನ್‌ಇನ್‌ಸ್ಟಾಲ್' ಒತ್ತುವುದು. ತೆಗೆದುಹಾಕಿದರೆ ಇನ್ನೂ ಗಟ್ಟಿ ಎಂದು ಅನ್ನಿಸುತ್ತದೆ. ಆದರೆ ರೀಸ್ಟಾರ್ಟ್ ಮಾಡಿದ ಕೂಡಲೇ ವಿಂಡೋಸ್ 'ಹೊಸ ಸಾಧನ ಸಿಕ್ಕಿತು' ಎಂದುಕೊಂಡು ಡ್ರೈವರ್ ಮತ್ತೆ ಹಾಕಿ ವೈಫೈ ಚಾಲೂ ಮಾಡಿಬಿಡುತ್ತದೆ. ಎರಡು, ವೈಫೈ ಬದಲು 'ಈಥರ್ನೆಟ್' ಅಥವಾ 'ಗಿಗಾಬಿಟ್' ಎಂದು ಬರೆದಿರುವುದನ್ನು ಆಫ್ ಮಾಡುವುದು. ಅದು ಕೇಬಲ್ ಮೂಲಕ ಬರುವ ನೆಟ್. ಅದನ್ನು ಆಫ್ ಮಾಡಿದರೆ ಕೇಬಲ್ ನೆಟ್ ನಿಲ್ಲುತ್ತದೆ, ವೈಫೈ ಮಾತ್ರ ಆರಾಮಾಗಿ ಓಡುತ್ತಿರುತ್ತದೆ.

ಡ್ರೈವರ್ ಹೊಸದಾಗಿ ಹಾಕಿಸಿದಾಗ, ವಿಂಡೋಸ್ ಬದಲಾಯಿಸಿದಾಗ, ಸರ್ವಿಸ್‌ಗೆ ಕೊಟ್ಟು ವಾಪಸ್ ತಂದಾಗ ಈ ಪಟ್ಟಿಯನ್ನು ಮತ್ತೊಮ್ಮೆ ನೋಡಲೇಬೇಕು.

ಮೂರನೇ ಬೀಗ: ಬಯೋಸ್

ಡಿವೈಸ್ ಮ್ಯಾನೇಜರ್‌ನಲ್ಲಿ ಆಫ್ ಮಾಡಿದ್ದನ್ನು ಅಡ್ಮಿನ್ ಅಧಿಕಾರ ಇರುವ ಯಾರಾದರೂ ಒಂದೇ ಕ್ಲಿಕ್‌ನಲ್ಲಿ ಆನ್ ಮಾಡಬಹುದು. ಆ ಅಧಿಕಾರ ಪಡೆದ ವೈರಸ್ ಕೂಡ ಮಾಡಬಹುದು. ಬಯೋಸ್‌ನಲ್ಲಿ ಆಫ್ ಮಾಡಿದರೆ ವಿಂಡೋಸ್‌ಗೆ ಆ ಕಾರ್ಡ್ ಇದೆ ಎಂಬುದೇ ಗೊತ್ತಾಗುವುದಿಲ್ಲ.

ಲ್ಯಾಪ್‌ಟಾಪ್ ಆನ್ ಆಗುವ ಹೊತ್ತಿನಲ್ಲಿ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಕೀ ಒತ್ತಿದರೆ ಬಯೋಸ್ ತೆರೆಯುತ್ತದೆ. ಆಫೀಸ್ ಬಳಕೆಯ ಮಾದರಿಗಳಲ್ಲಿ ವೈರ್‌ಲೆಸ್ ಲ್ಯಾನ್ ಮತ್ತು ಬ್ಲೂಟೂತ್ ಆಫ್ ಮಾಡುವ ಆಯ್ಕೆ ಇರುತ್ತದೆ. ಥಿಂಕ್‌ಪ್ಯಾಡ್‌ನಲ್ಲಿ 'ಸೆಕ್ಯೂರಿಟಿ' ವಿಭಾಗದ 'ಐ/ಒ ಪೋರ್ಟ್ ಆಕ್ಸೆಸ್' ಎಂಬಲ್ಲಿ ಇದು ಸಿಗುತ್ತದೆ. ಮನೆಬಳಕೆಯ ಕಡಿಮೆ ಬೆಲೆಯ ಮಾದರಿಗಳಲ್ಲಿ ಈ ಆಯ್ಕೆ ಇಲ್ಲದಿರಲೂಬಹುದು.

ಇದಕ್ಕೆ ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ರಕ್ಷಣೆ ಮಾಲೀಕರಿಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಬಯೋಸ್‌ನಲ್ಲಿ ಬದಲಾವಣೆ ಮಾಡಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಿ ಕೂರಬಹುದು. ಆ ಕೀ ಇಲ್ಲದಿದ್ದರೆ ಒಳಗಿನ ಲೆಕ್ಕಪತ್ರ ಒಳಗೇ ಉಳಿಯುತ್ತದೆ. ಸಾಮಾನ್ಯವಾಗಿ ಇದು ಲ್ಯಾಪ್‌ಟಾಪ್‌ಗೆ ಜೋಡಿಸಿದ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ. ಮೊದಲು ಅದನ್ನು ಹುಡುಕಿ ಕಾಗದದಲ್ಲಿ ಬರೆದಿಟ್ಟುಕೊಂಡು, ಡೇಟಾ ಬ್ಯಾಕಪ್ ತೆಗೆದು, ಆಮೇಲೆ ಬಯೋಸ್ ಮುಟ್ಟಿ. ಬಯೋಸ್‌ಗೆ ಪಾಸ್‌ವರ್ಡ್ ಹಾಕಿದರೆ ಅದನ್ನೂ ಬರೆದಿಡಿ, ಮರೆತರೆ ಬಿಡಿಸುವುದು ಕಷ್ಟ. ಧೈರ್ಯ ಸಾಲದಿದ್ದರೆ ನಂಬಿಕಸ್ಥ ಸರ್ವಿಸ್‌ನವರ ಹತ್ತಿರ ಎದುರಿಗೆ ಕೂತು ಮಾಡಿಸಿಕೊಳ್ಳಿ.

ಮುಚ್ಚಳ ಮುಚ್ಚಿದರೆ ಆಫ್ ಆಗಲ್ಲ

ಮುಚ್ಚಳ ಮುಚ್ಚಿದಾಗ ಲ್ಯಾಪ್‌ಟಾಪ್ ಸಾಮಾನ್ಯವಾಗಿ 'ಸ್ಲೀಪ್'ಗೆ ಹೋಗುತ್ತದೆ. ಅಂದರೆ ಅದು ನಿದ್ದೆ ಮಾಡುತ್ತಿದೆ ಅಷ್ಟೆ. ಈಗಿನ ಹಲವು ಮಾದರಿಗಳು 'ಮಾಡರ್ನ್ ಸ್ಟ್ಯಾಂಡ್‌ಬೈ' ಎಂಬ ವ್ಯವಸ್ಥೆಯಲ್ಲಿ ನಿದ್ದೆ ಮಾಡುತ್ತವೆ. ಮೊಬೈಲ್ ಪರದೆ ಆಫ್ ಮಾಡಿದರೂ ಮೆಸೇಜ್ ಬರುತ್ತದಲ್ಲ, ಇದೂ ಹಾಗೆಯೇ. ಪರದೆ ಕತ್ತಲಾಗಿದ್ದರೂ ವೈಫೈ ಸಂಪರ್ಕ ಉಳಿದಿರಬಹುದು. ಬ್ಯಾಗ್‌ನಲ್ಲಿಟ್ಟ ಲ್ಯಾಪ್‌ಟಾಪ್ ಬೆಳಗ್ಗೆ ಬಿಸಿಯಾಗಿ, ಬ್ಯಾಟರಿ ಇಳಿದಿದ್ದರೆ ರಾತ್ರಿ ಅದು ಸರಿಯಾಗಿ ಮಲಗಿರಲಿಲ್ಲ ಎಂದೇ ಅರ್ಥ.

ಪೂರ್ತಿ ಆಫ್ ಬೇಕಿದ್ದರೆ 'ಶಟ್‌ಡೌನ್' ಕೊಡಬೇಕು. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೆ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯ ಬಿಟ್ಟು ವಿಂಡೋಸ್ ಸಂಪೂರ್ಣ ಮುಚ್ಚಿಕೊಳ್ಳುತ್ತದೆ. ಮುಚ್ಚಳ ಮುಚ್ಚಿದರೇ ಶಟ್‌ಡೌನ್ ಆಗಲಿ ಎನ್ನುವವರು ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಷನ್ಸ್'ಗೆ ಹೋಗಿ, 'ಚೂಸ್ ವಾಟ್ ಕ್ಲೋಸಿಂಗ್ ದ ಲಿಡ್ ಡಸ್' ಎಂಬಲ್ಲಿ ಬದಲಾಯಿಸಿಕೊಳ್ಳಬಹುದು. ಹಾಗೆ ಮಾಡಿದರೆ ಬಿಲ್ ಸೇವ್ ಮಾಡದೆ ಮುಚ್ಚಳ ಮುಚ್ಚುವ ಅಭ್ಯಾಸ ಬಿಡಬೇಕು.

ಈಗ ಬೀಗ ಜಗ್ಗಿ ನೋಡುವ ಹೊತ್ತು

ಇಲ್ಲಿಯವರೆಗೆ ಮಾಡಿದ್ದೆಲ್ಲ ಕೀಲಿ ತಿರುಗಿಸುವ ಕೆಲಸ. ಪರದೆ ಮೇಲಿನ ಗುರುತು ಹೇಳುವುದು ಸಾಫ್ಟ್‌ವೇರ್‌ಗೆ ಏನು ಹೇಳಲಾಗಿದೆ ಎಂಬುದನ್ನು. ನಿಜವಾಗಿ ಏನಾಗಿದೆ ಎಂದು ತಿಳಿಯಲು ಹೊರಗಿನಿಂದ ನೋಡಬೇಕು. ಅದಕ್ಕೆ ಕೈಯಲ್ಲಿರುವ ಮೊಬೈಲ್ ಸಾಕು.

ವೈಫೈ ಪರೀಕ್ಷೆ: ಆಫ್ ಮಾಡುವ ಮೊದಲೇ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪ್ ಅದಕ್ಕೆ ತಾನಾಗಿ ಸೇರಿಕೊಳ್ಳುವಂತೆ ಮಾಡಿ. ಹಾಟ್‌ಸ್ಪಾಟ್ ಪುಟದಲ್ಲಿ ಒಂದು ಸಾಧನ ಸೇರಿದೆ ಎಂದು ಕಾಣಬೇಕು. ಈಗ ಲ್ಯಾಪ್‌ಟಾಪ್‌ನಲ್ಲಿ ವೈಫೈ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ. ಹಾಟ್‌ಸ್ಪಾಟ್ ಹಾಗೇ ಇರಲಿ. ಐದು ನಿಮಿಷ ಬಿಟ್ಟು ಮೊಬೈಲ್ ನೋಡಿ. ಸೇರಿದ ಸಾಧನ ಒಂದೂ ಇರಬಾರದು. ರೀಸ್ಟಾರ್ಟ್ ಮಾಡುವುದನ್ನು ಬಿಡಬೇಡಿ, ಎಷ್ಟೋ ಸೆಟ್ಟಿಂಗ್‌ಗಳು ವಾಪಸ್ ಬರುವುದು ಆಗಲೇ.

ಬ್ಲೂಟೂತ್ ಪರೀಕ್ಷೆ: ಇದರಲ್ಲಿ ಒಂದು ಸೂಕ್ಷ್ಮ ಇದೆ. ಬ್ಲೂಟೂತ್ ಆನ್ ಇದ್ದರೂ ಲ್ಯಾಪ್‌ಟಾಪ್ ಬೇರೆಯವರಿಗೆ ಯಾವಾಗಲೂ ಕಾಣುವುದಿಲ್ಲ. ಹಾಗಾಗಿ ಮೊಬೈಲ್‌ನಲ್ಲಿ ಹುಡುಕಿದಾಗ ಹೆಸರು ಬರಲಿಲ್ಲ ಎಂದ ಮಾತ್ರಕ್ಕೆ ಆಫ್ ಆಗಿದೆ ಎಂದಲ್ಲ. ಬದಲಿಗೆ, ಈಗಾಗಲೇ ಪೇರ್ ಆಗಿರುವ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸಿ. ಬ್ಲೂಟೂತ್ ಆನ್ ಇದ್ದಾಗ ಅದು ಲ್ಯಾಪ್‌ಟಾಪ್‌ಗೆ ಸೇರುತ್ತದೆ ಎಂಬುದನ್ನು ಮೊದಲು ನೋಡಿ. ಆಮೇಲೆ ಬ್ಲೂಟೂತ್ ಆಫ್ ಮಾಡಿ, ರೀಸ್ಟಾರ್ಟ್ ಆದ ಮೇಲೆ ಅದನ್ನೇ ಮತ್ತೆ ಆನ್ ಮಾಡಿ. ಸೇರಬಾರದು.

ರೂಟರ್ ಇರುವವರು ಅದರ ಆ್ಯಪ್ ಅಥವಾ ಸೆಟ್ಟಿಂಗ್ಸ್ ಪುಟದಲ್ಲಿ ಯಾವ್ಯಾವ ಸಾಧನ ಸೇರಿವೆ ಎಂಬ ಪಟ್ಟಿಯನ್ನೂ ನೋಡಬಹುದು. 'ಬ್ರೌಸರ್‌ನಲ್ಲಿ ವೆಬ್‌ಸೈಟ್ ಓಪನ್ ಆಗಲಿಲ್ಲ, ಹಾಗಾಗಿ ಆಫ್ ಆಗಿದೆ' ಎಂಬುದು ಮಾತ್ರ ಸರಿಯಾದ ಪರೀಕ್ಷೆ ಅಲ್ಲ. ನೆಟ್ ಇಲ್ಲ ಎಂಬುದಕ್ಕೂ ರೇಡಿಯೊ ಆಫ್ ಆಗಿದೆ ಎಂಬುದಕ್ಕೂ ವ್ಯತ್ಯಾಸ ಇದೆ.

ಹಾಗೇ ಕಣ್ಣಿಂದ ನೋಡಬೇಕಾದದ್ದೂ ಇದೆ. ಯುಎಸ್‌ಬಿಯಲ್ಲಿ ಡಾಂಗಲ್, ಮೌಸ್ ರಿಸೀವರ್ ಇದೆಯಾ? ಚಾರ್ಜ್‌ಗೆಂದು ಲ್ಯಾಪ್‌ಟಾಪ್‌ಗೆ ಚುಚ್ಚಿದ ಮೊಬೈಲ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಇದೆಯಾ? ಲ್ಯಾನ್ ಕೇಬಲ್ ಹಾಗೇ ಇದೆಯಾ? ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ ಆಗಬಾರದು.

ಬಿಲ್ ಪ್ರಿಂಟರ್ ನಿಂತರೆ ಗಾಬರಿ ಬೇಡ

ಬ್ಲೂಟೂತ್ ಆಫ್ ಮಾಡಿದ ಮರುಕ್ಷಣವೇ ಅಂಗಡಿಯಲ್ಲಿ ನಿಲ್ಲುವುದು ಬ್ಲೂಟೂತ್ ಥರ್ಮಲ್ ಪ್ರಿಂಟರ್. ಬಾರ್‌ಕೋಡ್ ಸ್ಕ್ಯಾನರ್ ಬ್ಲೂಟೂತ್‌ನದ್ದಾದರೆ ಅದೂ ನಿಲ್ಲುತ್ತದೆ. ಸಂತೆ ದಿನ, ಹಬ್ಬದ ಮುಂಚಿನ ದಿನ ಈ ಪ್ರಯೋಗ ಮಾಡಲು ಹೋಗಬೇಡಿ. ಬಹುತೇಕ ಪ್ರಿಂಟರ್‌ಗಳ ಹಿಂದೆ ಯುಎಸ್‌ಬಿ ಜಾಗವೂ ಇರುತ್ತದೆ. ಒಂದು ಕೇಬಲ್ ತಂದು ಮೊದಲು ಅದರಲ್ಲಿ ಬಿಲ್ ಬರುತ್ತದೆಯಾ ನೋಡಿ, ಆಮೇಲೆ ಬ್ಲೂಟೂತ್ ಆಫ್ ಮಾಡಿ.

ವೈಫೈ ಪ್ರಿಂಟರ್ ಇರುವವರಿಗೂ ಇದೇ ಮಾತು. ಜಿಎಸ್‌ಟಿ ರಿಟರ್ನ್ ತುಂಬುವ ದಿನ ಹತ್ತಿರ ಬಂದಾಗ ನೆಟ್ ಬೇಕೇ ಬೇಕು. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಕು ಸಾಮಾನ್ಯ ಗಡುವು. ಆ ಹೊತ್ತಿಗೆ ಆನ್ ಮಾಡಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡುವುದು ಅಭ್ಯಾಸವಾಗಬೇಕು. ಆನ್ ಮಾಡಿದಾಗಲೇ ವಿಂಡೋಸ್ ಮತ್ತು ಆಂಟಿವೈರಸ್ ಅಪ್‌ಡೇಟ್ ಕೂಡ ಮುಗಿಸಿಕೊಳ್ಳಿ. ವರ್ಷವಿಡೀ ಆಫ್ ಇಟ್ಟು ಅಪ್‌ಡೇಟ್ ಮಾಡದೆ, ಒಂದು ದಿನ ಏಕ್‌ದಂ ಆನ್ ಮಾಡುವುದು ಇನ್ನೂ ಅಪಾಯ.

ಮೊಬೈಲ್‌ಗೂ ಇದೇ ಕತೆ

ಲ್ಯಾಪ್‌ಟಾಪ್ ಬಗ್ಗೆ ಹೇಳಿದ್ದು ಜೇಬಿನ ಮೊಬೈಲ್‌ಗೂ ಅನ್ವಯಿಸುತ್ತದೆ. ಐಫೋನ್‌ನ ಕಂಟ್ರೋಲ್ ಸೆಂಟರ್‌ನಲ್ಲಿ ವೈಫೈ ಬಟನ್ ಒತ್ತಿದರೆ ಸಂಪರ್ಕ ಮಾತ್ರ ಕಡಿತವಾಗುತ್ತದೆ, ಮರುದಿನ ಬೆಳಗ್ಗೆ ಐದು ಗಂಟೆಗೆ ಮತ್ತೆ ಮೊದಲಿನಂತೆ ಆಗುತ್ತದೆ. ಪೂರ್ತಿ ಆಫ್ ಮಾಡಲು ಸೆಟ್ಟಿಂಗ್ಸ್ ಒಳಗೇ ಹೋಗಬೇಕು. ಆಂಡ್ರಾಯ್ಡ್ ಫೋನ್‌ಗಳ ಲೊಕೇಶನ್ ಸೆಟ್ಟಿಂಗ್‌ನಲ್ಲಿ 'ವೈಫೈ ಸ್ಕ್ಯಾನಿಂಗ್', 'ಬ್ಲೂಟೂತ್ ಸ್ಕ್ಯಾನಿಂಗ್' ಎಂಬ ಎರಡು ಆಯ್ಕೆ ಇರುತ್ತವೆ. ಅವು ಆನ್ ಇದ್ದರೆ ವೈಫೈ ಬಟನ್ ಆಫ್ ಮಾಡಿದರೂ ಹುಡುಕಾಟ ನಡೆದೇ ಇರುತ್ತದೆ.

ಇದರಿಂದ ಆಗದ ಕೆಲಸ

ರೇಡಿಯೊ ಆಫ್ ಮಾಡಿದರೆ ಗಾಳಿಯಲ್ಲಿ ಬರುವ ದಾರಿ ಮುಚ್ಚುತ್ತದೆ, ಅಷ್ಟೇ. ಯಾರದ್ದೋ ಪೆನ್‌ಡ್ರೈವ್‌ನಲ್ಲಿ ಬರುವ ವೈರಸ್ ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ಕಳುವಾದರೆ ಒಳಗಿನ ಮಾಹಿತಿ ಉಳಿಯುವುದಿಲ್ಲ, ಅದಕ್ಕೆ ಒಳ್ಳೆಯ ಪಾಸ್‌ವರ್ಡ್ ಮತ್ತು ಬೇರೆ ಕಡೆ ಇಟ್ಟ ಬ್ಯಾಕಪ್ ಬೇಕು. 'ಬ್ಯಾಂಕ್‌ನಿಂದ ಮಾತಾಡ್ತಿದೀವಿ, ಒಟಿಪಿ ಹೇಳಿ' ಎನ್ನುವ ಕರೆಗೆ ಇದು ಯಾವ ಅಡ್ಡಿಯೂ ಅಲ್ಲ. ಒಟಿಪಿ ಯಾರಿಗೂ ಹೇಳಬಾರದು ಎಂಬ ಮಾತು ಹಾಗೇ ಇರಲಿ.

ಹಣ ಹೋಗಿದೆ ಎಂದು ಗೊತ್ತಾದರೆ ತಡ ಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಜಿಲ್ಲಾ ಕೇಂದ್ರದ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಗಲ್ಲಾ ಪಕ್ಕ ಅಂಟಿಸಿಕೊಳ್ಳಲು

1. ವೈಫೈ ಆಫ್, ಬ್ಲೂಟೂತ್ ಆಫ್. ಎರಡನ್ನೂ ಬೇರೆ ಬೇರೆಯಾಗಿ ನೋಡಿ.
2. ವಿಮಾನದ ಗುರುತು ಒಂದನ್ನೇ ನಂಬಬೇಡಿ.
3. ಮೌಸ್ ರಿಸೀವರ್, ಡಾಂಗಲ್, ಲ್ಯಾನ್ ಕೇಬಲ್ ಕಿತ್ತಿಡಿ.
4. ಹಳೆಯ ಉಚಿತ ವೈಫೈ ಹೆಸರುಗಳನ್ನು 'ಫರ್ಗೆಟ್' ಮಾಡಿ.
5. ರೀಸ್ಟಾರ್ಟ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್‌ನಿಂದ ಪರೀಕ್ಷಿಸಿ.
6. ಮನೆಗೆ ಹೊರಡುವಾಗ ಮುಚ್ಚಳ ಮುಚ್ಚುವುದಲ್ಲ, ಶಟ್‌ಡೌನ್ ಮಾಡಿ.

ಮೊದಲ ಸಲ ಇದೆಲ್ಲ ಮಾಡಲು ಅರ್ಧ ಗಂಟೆ ಹಿಡಿಯಬಹುದು. ರೂಢಿಯಾದ ಮೇಲೆ ರಾತ್ರಿ ಬೀಗ ಜಗ್ಗಿ ನೋಡುವಷ್ಟೇ ಹೊತ್ತು.